35 ವ್ಯಾಟ್ ಗಾಡಿಗೆ 100/90 ಬಲ್ಬ್ ಹಾಕಬಹುದಾ?

ಪ್ರಶ್ನೆ (ಮೂಡಿಗೆರೆ): ಅಣ್ಣಾ, 150 ಸಿಸಿ ಗಾಡಿ, ಹೆಡ್‌ಲೈಟ್ ಬಲ್ಬ್ ಎಚ್‌ಎಸ್1, 12 ವೋಲ್ಟ್ 35/35 ವ್ಯಾಟ್ (ಬ್ರೈಟ್‌ಗೆ 35, ಡಿಮ್‌ಗೆ 35). ಕೊಟ್ಟಿಗೆಹಾರ ದಾಟಿ ಚಾರ್ಮಾಡಿ ಇಳಿಯೋವಾಗ ರಾತ್ರಿ ತಿರುವೇ ಕಾಣಲ್ಲ. ಅಂಗಡೀಲಿ ಒಬ್ರು 100/90 ಎಚ್4 ಹಾಕಿ ಅಂತಾರೆ, ಇನ್ನೊಬ್ರು ಎಲ್‌ಇಡಿ ಅಂತಾರೆ. ಯಾವುದು ಸರಿ?

ಉತ್ತರ (ಆಟೋ ಎಲೆಕ್ಟ್ರಿಷಿಯನ್, ಹಾಸನ): ಎರಡೂ ಈಗಲೇ ಬೇಡ. 35 ವ್ಯಾಟ್ ಬಲ್ಬ್ 3 ಆಂಪ್ ಹತ್ತಿರ ಎಳೆಯುತ್ತೆ, 100 ವ್ಯಾಟಿಂದು 8 ಆಂಪ್ ದಾಟುತ್ತೆ. ಅಷ್ಟೂ ಕರೆಂಟ್ ಹ್ಯಾಂಡಲ್‌ನಲ್ಲಿರೋ ಡಿಪ್ಪರ್ ಸ್ವಿಚ್‌ನ ಪುಟಾಣಿ ಕಾಂಟ್ಯಾಕ್ಟ್ ದಾಟಿಯೇ ಹೋಗಬೇಕು. ಸ್ವಿಚ್ ಸುಡುತ್ತೆ, ಹೋಲ್ಡರ್ ಕರಗಿ ಪಿನ್ ಸಡಿಲ ಆಗುತ್ತೆ, ಡೂಮ್ (ಬಲ್ಬ್ ಸುತ್ತ ಬೆಳಕನ್ನ ಮುಂದಕ್ಕೆ ತಳ್ಳೋ ಬಟ್ಟಲು) ಒಳಗಿನ ಬೆಳ್ಳಿ ಲೇಪ ಮಬ್ಬಾಗುತ್ತೆ. ಮಬ್ಬಾದ ಡೂಮ್‌ಗೆ ಆಮೇಲೆ ಯಾವ ಬಲ್ಬ್ ಹಾಕಿದ್ರೂ ಅಷ್ಟೇ. ಅದೂ ಅಲ್ಲದೆ ಎಚ್4 ಬಲ್ಬಿನ ಕಾಲರ್‌ನ (ಬುಡದ ಲೋಹದ ಬಳೆ) ಕಿವಿಗಳು ಎಚ್‌ಎಸ್1 ಕೂರೋ ಜಾಗಕ್ಕೆ ಹೊಂದಲ್ಲ. ಅರ ಹಾಕಿ ಉಜ್ಜಿ ಕೂರಿಸ್ತಾರೆ, ಬಲ್ಬ್ ಓರೆಯಾಗಿ ಫೋಕಸ್ ಹಾಳಾಗುತ್ತೆ.

ಮೊದಲು ಬಲ್ಬ್‌ಗೆ ಎಷ್ಟು ವೋಲ್ಟ್ ಸಿಗ್ತಿದೆ ನೋಡಿ. ಹ್ಯಾಲೊಜೆನ್‌ನಲ್ಲಿ ವೋಲ್ಟೇಜ್ 10% ಇಳಿದ್ರೆ ಬೆಳಕು ಸುಮಾರು 30% ಇಳಿಯುತ್ತೆ. ಎಂಜಿನ್ ಸ್ವಲ್ಪ ರೇಸ್‌ನಲ್ಲಿರಲಿ, ಲೈಟ್ ಉರೀತಾನೇ ಇರಲಿ. ಮಲ್ಟಿಮೀಟರಿನಲ್ಲಿ ಬ್ಯಾಟರಿ ಎರಡು ತುದಿ ಅಳೆಯಿರಿ, ಆಮೇಲೆ ಹೋಲ್ಡರ್ ಹಿಂದಿನಿಂದ ಪ್ರೋಬ್ ತೂರಿಸಿ ಡಿಮ್ ಪಿನ್ನಿಗೂ ಅರ್ತ್ ಪಿನ್ನಿಗೂ ಮಧ್ಯೆ ಅಳೆಯಿರಿ. ಹೋಲ್ಡರ್ ಕಳಚಿ ಅಳೆದ್ರೆ ಲೋಡ್ ಇರಲ್ಲ, ಪೂರ್ತಿ ವೋಲ್ಟೇಜ್ ತೋರಿಸಿ ಮೋಸ ಮಾಡುತ್ತೆ.

ಪ್ರಶ್ನೆ ಕೇಳಿದವರು: ಬ್ಯಾಟರಿ ಹತ್ರ 13.9, ಹೋಲ್ಡರ್‌ನಲ್ಲಿ 12.1.

ಉತ್ತರ: 1.8 ವೋಲ್ಟ್ ದಾರೀಲೇ ಹೋಗ್ತಿದೆ, ಅಂದ್ರೆ ಮೂರರಲ್ಲೊಂದು ಪಾಲಿಗಿಂತ ಜಾಸ್ತಿ ಬೆಳಕು. ಅರ್ಧ ವೋಲ್ಟ್ ಮೀರಬಾರದು. ಬ್ಯಾಟರಿ ಮೈನಸ್‌ಗೆ ಒಂದು ಪ್ರೋಬ್, ಹೋಲ್ಡರ್ ಅರ್ತ್ ಪಿನ್ನಿಗೆ ಇನ್ನೊಂದು ಇಡಿ. 0.2 ವೋಲ್ಟ್‌ಗಿಂತ ಜಾಸ್ತಿ ಬಂದ್ರೆ ಅರ್ತ್ ಕೆಟ್ಟಿದೆ. ನಮ್ಮ ಮಲೆನಾಡ ಮಳೆಗೆ ಕಪ್ಲರ್ (ವೈರ್ ಜೋಡಿಸೋ ಪ್ಲಗ್) ಒಳಗೆ ಹಸಿರು ಪುಡಿ ಕಟ್ಟಿರುತ್ತೆ. ಉಜ್ಜಿ, ಪಿನ್ ಬಿಗಿ ಮಾಡಿ, ಮತ್ತೆ ಅಳೆಯಿರಿ.

ಆದ್ರೂ ವೋಲ್ಟೇಜ್ ಇಳೀತಿದ್ರೆ ರಿಲೇ ಹಾಕಿ, ಅಂದ್ರೆ ಸಣ್ಣ ಕರೆಂಟ್ ಕೊಟ್ರೆ ದೊಡ್ಡ ಕರೆಂಟ್ ಆನ್ ಮಾಡೋ ಸ್ವಿಚ್. ಡಿಮ್‌ಗೊಂದು, ಬ್ರೈಟ್‌ಗೊಂದು, ನಾಲ್ಕು ಪಿನ್ನಿನವು. ಬ್ಯಾಟರಿ ಪ್ಲಸ್‌ನಿಂದ 10 ಆಂಪ್ ಫ್ಯೂಸ್ ದಾಟಿ 30ನೇ ಪಿನ್ನಿಗೆ, 87ರಿಂದ ಹೊಸ ಸೆರಾಮಿಕ್ ಹೋಲ್ಡರಿಗೆ, 86ಕ್ಕೆ ಹಳೇ ಹೋಲ್ಡರಿನ ಆಯಾ ವೈರ್, 85 ಅರ್ತ್. ವೈರ್ 1.5 ಚದರ ಮಿ.ಮೀ. ಫ್ಯೂಸ್ ಬ್ಯಾಟರಿ ಪಕ್ಕದಲ್ಲೇ ಇರಬೇಕು, ಇಲ್ಲದಿದ್ರೆ ನಡುವೆ ವೈರ್ ಸವೆದು ಬಾಡಿಗೆ ತಾಗಿದ್ರೆ ಬೆಂಕಿ.

ಇನ್ನೊಬ್ಬರು (ಅರಸೀಕೆರೆ): ನನ್ನ ಹಳೇ ಗಾಡೀಲಿ ರೇಸ್ ಕೊಟ್ರೆ ಮಾತ್ರ ಬೆಳಕು ಏರುತ್ತೆ ಸಾರ್, ಎಂಜಿನ್ ಆಫ್ ಮಾಡಿದ್ರೆ ಲೈಟೇ ಇಲ್ಲ. ನನಗೂ ರಿಲೇನಾ?

ಉತ್ತರ: ಬೇಡ. ನಿಮ್ಮದು ಬ್ಯಾಟರಿಯಿಂದಲ್ಲ, ಮ್ಯಾಗ್ನೆಟೋದಿಂದ (ಎಂಜಿನ್ ತಿರುಗಿದಾಗ ಕರೆಂಟ್ ಕೊಡೋದು) ನೇರ ಎಸಿ. ಡಿಸಿ ರಿಲೇ ಗರಗರ ಅನ್ನುತ್ತೆ. ಮೊದಲು ಲೈಟನ್ನ ಡಿಸಿಗೆ, ಅಂದ್ರೆ ಬ್ಯಾಟರಿ ಕರೆಂಟಿಗೆ ಬದಲಿಸಬೇಕು, ಅದಕ್ಕೆ ಚಾರ್ಜಿಂಗ್ ಸಾಕಾಗುತ್ತಾ ನೋಡಿ ಮಾಡಬೇಕು.

ಪ್ರಶ್ನೆ ಕೇಳಿದವರು: ಮಂಜಿಗೆ ಎಲ್‌ಇಡಿ ಆಗಲ್ವಾ?

ಉತ್ತರ: ನಿಮ್ಮ ಡೂಮ್ ಮಾಡಿರೋದು ಹ್ಯಾಲೊಜೆನ್ ತಂತಿ ಉರಿಯೋ ಜಾಗಕ್ಕೆ ಲೆಕ್ಕ ಹಾಕಿ. ಎಲ್‌ಇಡಿ ಚಿಪ್ ಒಂಚೂರು ಆಚೀಚೆ ಕೂತ್ರೂ ಡಿಮ್‌ನಲ್ಲೇ ಬೆಳಕು ಮೇಲಕ್ಕೆ ಚೆಲ್ಲುತ್ತೆ. ಎದುರು ಬರೋ ಬಸ್ ಡ್ರೈವರಿಗೆ ಕಣ್ಣು ಕುಕ್ಕುತ್ತೆ, ನಿಮಗೆ ಮಂಜು ಬಿಳಿ ಗೋಡೆ ಥರ ನಿಲ್ಲುತ್ತೆ. ಬ್ರೈಟ್ ಹಾಕಿದ್ರೂ ಇದೇ ಕಥೆ, ಮಂಜಲ್ಲಿ ಡಿಮ್ಮೇ ಸರಿ. ನೀಲಿ ಗಾಜಿನ ಬಲ್ಬ್ ಅಂತೂ ಇರೋ ಬೆಳಕನ್ನೂ ನುಂಗುತ್ತೆ. ಒಳ್ಳೆ ಕಂಪನಿಯ ಎಚ್‌ಎಸ್1 35/35 ತಗೊಳ್ಳಿ. ಅದೇ ವ್ಯಾಟಲ್ಲಿ ಹೆಚ್ಚು ಬೆಳಕು ಕೊಡೋ ಬಲ್ಬೂ ಸಿಗುತ್ತೆ, ಆದ್ರೆ ಬಾಳಿಕೆ ಕಮ್ಮಿ. ಗಾಜಿಗೆ ಬೆರಳು ತಾಗಿಸಬೇಡಿ. ಜಿಡ್ಡು ಅಂಟಿದ ಕಡೆ ಬಿಸಿಯೇರಿ ಗಾಜು ಉಬ್ಬುತ್ತೆ.

ಕೊನೇಲಿ ಗೋಡೆಯಿಂದ 10 ಮೀಟರ್ ದೂರ ನಿಲ್ಲಿಸಿ. ಡಿಮ್ ಬೆಳಕಿನ ಮೇಲಂಚು ಹೆಡ್‌ಲೈಟ್ ಮಧ್ಯದ ಎತ್ತರಕ್ಕಿಂತ 10–15 ಸೆಂ.ಮೀ. ಕೆಳಗೆ ಬರಬೇಕು. ಗಾಡಿ ಮೇಲೆ ನೀವು ಕೂತಿರಬೇಕು, ಇನ್ನೊಬ್ರು ಸ್ಕ್ರೂ ತಿರುಗಿಸಲಿ. ಸ್ಟ್ಯಾಂಡ್ ಹಾಕಿ ಅಡ್ಜಸ್ಟ್ ಮಾಡಿದ್ರೆ, ನೀವು ಕೂತ ತಕ್ಷಣ ಹಿಂದಿನ ಶಾಕ್ ಕುಗ್ಗಿ ಬೆಳಕೆಲ್ಲ ಮರದ ಕೊಂಬೆಗೆ ಹೊಡೆಯುತ್ತೆ.