ಅಪ್‌ಡೇಟ್: ರಾಷ್ಟ್ರಗೀತೆ ಹಾಡದ ಹುಡುಗಿ ವಿಷಯ

ಹೋದ ವಾರ ಕೇಳಿದ್ನಲ್ಲ, ನಾನು ಪಾಠ ಮಾಡೋ ಐದನೇ ಕ್ಲಾಸಲ್ಲಿ ಯೆಹೋವನ ಸಾಕ್ಷಿಗಳು ಅನ್ನೋ ಕ್ರೈಸ್ತ ಪಂಥದ ಹುಡುಗಿ, ತಮ್ಮ ನಂಬಿಕೆಗೆ ವಿರುದ್ಧ ಅಂತ ಪ್ರೇಯರ್ ಟೈಮಲ್ಲಿ ರಾಷ್ಟ್ರಗೀತೆ ಹಾಡಲ್ಲ ಏನ್ ಮಾಡ್ಲಿ ಅಂತ, ಅದು ಬಗೆಹರೀತು. ಅಪ್ಪ ಅಮ್ಮನ್ನ ಕರೆಸಿ ಒಪ್ಸೋದು ಆಗ್ಲಿಲ್ಲ. ಪ್ರೇಯರ್ ಮುಗಿದ್ಮೇಲೆ ಬರ್ಲಿ ಅನ್ನೋದನ್ನ ಎರಡು ದಿನ ಮಾಡಿದ್ವಿ, ಮಗು ಗೇಟ್ ಹತ್ರ ಬ್ಯಾಗ್ ತಬ್ಕೊಂಡು ನಿಂತಿದ್ದು ನೋಡಿ ಸಂಕಟ ಆಗಿ ಬಿಟ್ಬಿಟ್ವಿ. ಕೆಲಸಕ್ಕೆ ಬಂದಿದ್ದು 1986ರ ಸುಪ್ರೀಂ ಕೋರ್ಟ್ ತೀರ್ಪು ಓದಿ ಅಂದವರ ಮಾತು, ತುಂಬಾ ಥ್ಯಾಂಕ್ಸ್. ಕೇರಳದ ಮೂರು ಮಕ್ಳನ್ನ ಇದೇ ಕಾರಣಕ್ಕೆ 1985ರಲ್ಲಿ ಸ್ಕೂಲಿಂದ ತೆಗೆದಿದ್ರಂತೆ, ಕೋರ್ಟ್ ವಾಪಸ್ ಸೇರಿಸ್ಕೊಳ್ಳಿ ಅಂತು. ಗೌರವದಿಂದ ಎದ್ದು ನಿಂತ್ರೆ ಅವಮಾನ ಅಲ್ಲ, ಹಾಡ್ಲೇಬೇಕು ಅನ್ನೋ ಕಾನೂನೇ ಇಲ್ಲ ಅಂತ ಅದ್ರಲ್ಲಿದೆ, ನಂಗಿದು ಗೊತ್ತೇ ಇರ್ಲಿಲ್ಲ. ಪ್ರಿಂಟ್ ತಗೊಂಡೋಗಿ ಹೆಡ್ ಮಿಸ್ ಟೇಬಲ್ ಮೇಲಿಟ್ಟೆ, ಓದಿ ಒಪ್ಕೊಂಡ್ರು. ಈಗ ಅವ್ಳು ಲೈನಲ್ಲೇ ಕೈ ನೆಟ್ಟಗಿಟ್ಕೊಂಡು ಸುಮ್ನೆ ನಿಂತಿರ್ತಾಳೆ.