ನಲವತ್ತು ಮನೆ ಸೇರಿ ಒಂದು ಮಿನಿಬಸ್: ಷೇರು, ಪರ್ಮಿಟ್, ತಿಂಗಳ ಖರ್ಚು

ಪ್ರಶ್ನೆ: ಬೆಂಗಳೂರಿನ ಹೊರವಲಯದ ಬಡಾವಣೆ, 40 ಮನೆ. ಮೆಟ್ರೊ ನಿಲ್ದಾಣ 10 ಕಿ.ಮೀ. ದೂರ, ಕಾರಿಗೊಬ್ಬರಂತೆ ಹೋಗುತ್ತೇವೆ. ಎಲ್ಲರೂ ದುಡ್ಡು ಹಾಕಿ 20 ಸೀಟಿನ ಮಿನಿಬಸ್ ಕೊಳ್ಳಬಹುದೇ? ತಿಳಿದವರು ಹೇಳಿ.

ಉತ್ತರ 1: ಖಂಡಿತ ಕೊಳ್ಳಬಹುದು ಸರ್, ಆದರೆ ಶೋರೂಮಿಗೆ ಹೋಗುವ ಮೊದಲು ಲೆಕ್ಕ ಹಾಕಿ. ಗಾಡಿಗೆ 20 ಲಕ್ಷ ಎಂದಿಟ್ಟುಕೊಳ್ಳಿ. ಮನೆಗೆ 15,000 ಷೇರು, ಒಟ್ಟು 6 ಲಕ್ಷ. ಉಳಿದ 14 ಲಕ್ಷಕ್ಕೆ ಶೇ 10ರ ಬಡ್ಡಿಯಲ್ಲಿ ಐದು ವರ್ಷದ ಸಾಲವಾದರೆ ಕಂತು ಸುಮಾರು 29,750. ಬೆಳಿಗ್ಗೆ ಎರಡು, ಸಂಜೆ ಎರಡು, ಮಧ್ಯಾಹ್ನ ಒಂದು ಸುತ್ತು ಎಂದರೆ ದಿನಕ್ಕೆ 100 ಕಿ.ಮೀ. ತಿಂಗಳಿಗೆ 24 ದಿನ, ಲೀಟರಿಗೆ 8 ಕಿ.ಮೀ. ಹಿಡಿದರೆ 300 ಲೀಟರ್ ಡೀಸೆಲ್, 90 ರೂಪಾಯಿಯಂತೆ 27,000. ಡ್ರೈವರ್ ಸಂಬಳ 25,000, ವಿಮೆ, ತೆರಿಗೆ, ಎಫ್‌ಸಿಗೆ (ಗಾಡಿ ಓಡಲು ಯೋಗ್ಯ ಎಂಬ ಪ್ರಮಾಣಪತ್ರ) 10,000, ಟೈರು, ಸರ್ವಿಸ್‌ಗೆ 8,000. ಹತ್ತಿರ ಹತ್ತಿರ ಒಂದು ಲಕ್ಷ.

ಎಡವುವುದು ಇದನ್ನು ಹಂಚುವಾಗ. ಎರಡು ಸುತ್ತಿಗೆ 40 ಸೀಟು, ತಲೆಗೆ 2,500 ಎಂದು ಘೋಷಿಸಿಬಿಡುತ್ತಾರೆ. ರಜೆ, ವರ್ಗಾವಣೆ, ಮನೆಯಿಂದಲೇ ಕೆಲಸ ಅಂತ ಒಂದಷ್ಟು ಸೀಟು ಖಾಲಿ ಇದ್ದೇ ಇರುತ್ತವೆ. 32ರಿಂದ ಭಾಗಿಸಿ 3,125 ಇಡಿ, ಮೂರು ತಿಂಗಳದ್ದು ಮುಂಗಡ ಪಡೆಯಿರಿ. ಬಂದ ದಿನಕ್ಕಷ್ಟೇ ದುಡ್ಡು ಎಂದರೆ ಕಂತು ಕಟ್ಟಲಾಗದು.

ಉತ್ತರ 2: ಬಿಳಿ ಬೋರ್ಡ್ (ಸ್ವಂತ ಬಳಕೆಯ) ಗಾಡಿಯನ್ನೇ ಓಡಿಸೋಣ ಎನ್ನುವವರು ಸಿಗುತ್ತಾರೆ, ದಯವಿಟ್ಟು ಒಪ್ಪಬೇಡಿ. ಹಣ ಪಡೆದು ಓಡಿಸಿದ್ದು ಗೊತ್ತಾದರೆ ಅಪಘಾತವಾದಾಗ ವಿಮೆಯ ಕ್ಲೇಮು ತಿರಸ್ಕೃತವಾಗಬಹುದು. 1959ರ ಸಹಕಾರ ಸಂಘಗಳ ಕಾಯ್ದೆ ಇಲ್ಲವೇ 1997ರ ಸೌಹಾರ್ದ ಕಾಯ್ದೆಯಡಿ ಸಂಘ ನೋಂದಾಯಿಸಿ, ಗಾಡಿಯನ್ನು ಅದರ ಹೆಸರಿಗೆ ಮಾಡಿ. ಹಳದಿ ಬೋರ್ಡು, ಕಾಂಟ್ರ್ಯಾಕ್ಟ್ ಕ್ಯಾರೇಜ್ ಪರ್ಮಿಟ್ (ಒಪ್ಪಂದದ ಮೇಲೆ ಇಡೀ ಗಾಡಿಯನ್ನು ಬಾಡಿಗೆಗೆ ಓಡಿಸುವ ಪರವಾನಗಿ) ಬೇಕು. ಈ ಪರ್ಮಿಟ್ಟಿನಲ್ಲಿ ದಾರಿಯಲ್ಲಿ ಕೈ ಅಡ್ಡ ಹಾಕಿದವರನ್ನು ಹತ್ತಿಸಿ ಬಿಡಿ ಟಿಕೆಟ್ ಕೊಡುವಂತಿಲ್ಲ, ಅದು ಸ್ಟೇಜ್ ಕ್ಯಾರೇಜ್ (ರೂಟ್ ಬಸ್ಸು) ಆಗುತ್ತದೆ. ಬಡಾವಣೆ ಸಂಘಕ್ಕೂ ಸಹಕಾರ ಸಂಘಕ್ಕೂ ಒಂದೇ ಒಪ್ಪಂದ, ತಿಂಗಳಿಗೆ ಒಂದೇ ಬಿಲ್ಲು ಇರಲಿ. ಹೊಸ ಗಾಡಿಯ ಮೊದಲ ಎಫ್‌ಸಿ ಎರಡು ವರ್ಷ ನಡೆಯುತ್ತದೆ.

ಉತ್ತರ 3: ಮೇಲಿನ ಲೆಕ್ಕದಲ್ಲಿ ಈ ಗಾಡಿ ಹಳೆಯದಾದಾಗ ಹೊಸದು ಕೊಳ್ಳುವ ನಿಧಿ ಇಲ್ಲ. ಕೊಪ್ಪದಲ್ಲಿ ಕಾರ್ಮಿಕರೇ ಮಾಲೀಕರಾಗಿ 1991ರಲ್ಲಿ ಕಟ್ಟಿದ ಸಹಕಾರ ಸಾರಿಗೆ ಮಲೆನಾಡಿನ ಹಳ್ಳಿಹಳ್ಳಿಗೂ ಬಸ್ಸು ಓಡಿಸಿತು. ಖರ್ಚು ಏರುತ್ತಾ ಹೋಗಿ 2020ರಲ್ಲಿ ನಿಂತಿತು. ಅಂಥದ್ದೇ ನಿಲ್ಲಬೇಕಾಯಿತು ಎಂದಮೇಲೆ ಸಣ್ಣ ಸಂಘ ಇನ್ನೂ ಜಾಗ್ರತೆಯಾಗಿರಬೇಕು. ಕಿಲೋಮೀಟರಿಗೆ 4 ರೂಪಾಯಿ ಬೇರೆ ಖಾತೆಗೆ ಹಾಕಿ, ಅಂದರೆ ತಿಂಗಳಿಗೆ 9,600, ಸೀಟಿಗೆ ಇನ್ನೊಂದು 300. ಡೀಸೆಲ್ ಬೆಲೆ ಏರಿದರೆ ದರ ತಾನಾಗಿ ಬದಲಾಗುವಂತೆ ಬೈಲಾದಲ್ಲೇ ಬರೆಯಿರಿ, ಪ್ರತಿ ಸಲ ಸಭೆ ಕರೆದರೆ ಜಗಳವೇ. ಬದಲಿ ಡ್ರೈವರ್ ಒಬ್ಬರನ್ನು, ಗಾಡಿ ಕೆಟ್ಟ ದಿನಕ್ಕೆ ಬಾಡಿಗೆ ಟೆಂಪೋದವರನ್ನು ಮೊದಲೇ ಮಾತಾಡಿಟ್ಟುಕೊಳ್ಳಿ. ಎರಡು ದಿನ ಬಸ್ಸು ತಪ್ಪಿದರೆ ಜನ ಮತ್ತೆ ಕಾರಿನ ಕೀ ಹಿಡಿಯುತ್ತಾರೆ.