ಅಮೆರಿಕಾದ ಕ್ಲಿನಿಕ್‌ಗೆ ಫ್ಯಾಕ್ಸ್ ಕಳಿಸಬೇಕಂತೆ, ಕಡಿಮೆ ಖರ್ಚಿನ ದಾರಿ ಯಾವುದು?

ಹೊಸನಗರದ ಅಕ್ಕ ಒಬ್ಬರು ಕೇಳಿದ್ದಾರೆ. ಅವರ ಅಮ್ಮ ಅಮೆರಿಕಾದಲ್ಲಿ ಮಗನ ಮನೆಯಲ್ಲಿದ್ದಾರೆ. ಅಲ್ಲಿನ ಕ್ಲಿನಿಕ್‌ನವರು ಹಳೆಯ ರಿಪೋರ್ಟುಗಳನ್ನು ಫ್ಯಾಕ್ಸ್ ಮಾಡಿ ಅಂದಿದ್ದಾರೆ. ಯಾವ ಸೈಟ್ ಒಳ್ಳೆಯದು, ಕಂಪ್ಯೂಟರಿಗೆ ಏನೇನು ಹಾಕಿಕೊಳ್ಳಬೇಕು ಅನ್ನೋದು ಪ್ರಶ್ನೆ.

ಅಕ್ಕಾ, ನಮ್ಮ ಅತ್ತೆ ನ್ಯೂಜೆರ್ಸಿಗೆ ಹೋಗಿದ್ದಾಗ ನಮಗೂ ಇದೇ ಆಯಿತು. ತೀರ್ಥಹಳ್ಳಿಯಲ್ಲಿ ಮೂರು ಜೆರಾಕ್ಸ್ ಅಂಗಡಿ ಸುತ್ತಿದೆ. ಒಂದರ ಬೋರ್ಡಿನಲ್ಲಿ 'ಎಸ್‌ಟಿಡಿ, ಫ್ಯಾಕ್ಸ್' ಅಂತ ಇನ್ನೂ ಇತ್ತು, ಮಿಷನ್ ಇರಲಿಲ್ಲ. ಕೊನೆಗೆ ಮನೆಯಿಂದಲೇ ಕಳಿಸಿದೆ.

ಮೊದಲು ನಿಮ್ಮ ತಮ್ಮನ ಕೈಲಿ ಕ್ಲಿನಿಕ್‌ಗೆ ಒಂದು ಮಾತು ಕೇಳಿಸಿ. ರೋಗಿಗಳ ಆನ್‌ಲೈನ್ ಖಾತೆ ಇದ್ದರೆ ಅಲ್ಲೇ ಪಿಡಿಎಫ್ ಹಾಕಬಹುದು, ಫ್ಯಾಕ್ಸೇ ಬೇಡ. ಫ್ಯಾಕ್ಸೇ ಆಗಬೇಕು ಅಂದರೆ ಫ್ಯಾಕ್ಸ್‌ಜೀರೋ ಅನ್ನುವ ಸೈಟ್ ನೋಡಿ. ಅಮೆರಿಕಾ, ಕೆನಡಾ ನಂಬರುಗಳಿಗೆ ಕವರ್ ಪೇಜ್ ಬಿಟ್ಟು ಮೂರು ಪುಟದವರೆಗೆ ಉಚಿತ. ಕವರಿನ ಮೇಲೆ ಅವರ ಜಾಹೀರಾತು ಬರುತ್ತದೆ. ಪುಟ ಜಾಸ್ತಿ ಇದ್ದರೆ ಒಂದು ಫ್ಯಾಕ್ಸಿಗೆ ಇಷ್ಟು ಅಂತ ಹಣ ಕೊಟ್ಟು ಕಳಿಸಬಹುದು. ಒಂದು ವಿಷಯ ಮರೆಯಬೇಡಿ: ಉಚಿತ ಫ್ಯಾಕ್ಸ್ ಆದರೆ ನಿಮ್ಮ ಇಮೇಲಿಗೆ ಒಂದು ಲಿಂಕ್ ಬರುತ್ತದೆ, ಅದನ್ನು ಒತ್ತಿದ ಮೇಲೇ ಅದು ಹೊರಡೋದು. ನಾನು ಒತ್ತದೆ ಎರಡು ದಿನ ಸುಮ್ನೆ ಕಾದೆ.

ತಿಂಗಳ ಚಂದಾದ ಸೈಟುಗಳ ಕಡೆ ಹೋಗಬೇಡಿ. ಅಲ್ಲಿಂದ ನಿಮಗೆ ಫ್ಯಾಕ್ಸ್ ಬರಬೇಕು, ಅದಕ್ಕೊಂದು ನಂಬರ್ ಬೇಕು ಅನ್ನುವವರಿಗೆ ಅದು ಸರಿ. ಸಾಗರದ ನಮ್ಮ ಭಾವನವರು ಒಂದು ಕಂಪನಿಯಲ್ಲಿ 'ಉಚಿತ ಟ್ರಯಲ್' ಅಂತ ಕಾರ್ಡ್ ನಂಬರ್ ಕೊಟ್ಟರು. ಕಳಿಸಿದ್ದು ಒಂದೇ ಫ್ಯಾಕ್ಸ್, ಮೂರು ತಿಂಗಳು ಹಣ ಕಟ್ಟಾಯಿತು.

ಆದರೆ ಅಕ್ಕಾ, ಸೈಟಿಗಿಂತ ದೊಡ್ಡ ವಿಷಯ ಸ್ಕ್ಯಾನ್. ಇದನ್ನು ದಯವಿಟ್ಟು ಗಮನ ಇಟ್ಟು ಓದಿ. ಸಾಮಾನ್ಯ ಫ್ಯಾಕ್ಸಿಗೆ ಬಣ್ಣ ಗೊತ್ತಿಲ್ಲ, ಬೂದು ಬಣ್ಣವೂ ಗೊತ್ತಿಲ್ಲ. ಒಂದೋ ಕಪ್ಪು, ಇಲ್ಲ ಬಿಳಿ. ಅತ್ತೆಯ ಲ್ಯಾಬ್ ರಿಪೋರ್ಟಿನಲ್ಲಿ ಒಂದು ಸಾಲು ಬಿಟ್ಟು ಒಂದು ಸಾಲಿಗೆ ತಿಳಿ ಬೂದು ಪಟ್ಟಿ ಇತ್ತು. ನಾನು ಮೊಬೈಲಿನಲ್ಲಿ ಫೋಟೋ ಹೊಡೆದು ಕಳಿಸಿಬಿಟ್ಟೆ. ಅಲ್ಲಿ ಆ ಪಟ್ಟಿಯೆಲ್ಲ ಕರಿಮೆಣಸು ಚೆಲ್ಲಿದ ಹಾಗೆ ಚುಕ್ಕೆ ಚುಕ್ಕೆಯಾಗಿ ಬಿದ್ದಿತ್ತು. ಕ್ರಿಯಾಟಿನಿನ್ 1.1 ಇದೆಯೋ 1.4 ಇದೆಯೋ ಓದಲು ಆಗುತ್ತಿಲ್ಲ ಅಂತ ನರ್ಸ್ ಫೋನ್ ಮಾಡಿದರು. ಕಿಡ್ನಿಯ ಲೆಕ್ಕ ಅದು. ಅದರ ಮೇಲೆ ಮಾತ್ರೆಯ ಪ್ರಮಾಣ ಬದಲಾಗಬಹುದು. ಆವತ್ತು ನಿಜವಾಗಿ ಹೆದರಿಕೆ ಆಯಿತು.

ಆಮೇಲೆ ನ್ಯಾಪ್ಸ್2 ಅನ್ನುವ ಸಾಫ್ಟ್‌ವೇರ್ ಹಾಕಿಕೊಂಡೆ. ಪೂರ್ತಿ ಉಚಿತ, ಸ್ಕ್ಯಾನರಿನಿಂದ ನೇರ ಪಿಡಿಎಫ್ ಮಾಡುತ್ತದೆ. ಅದರಲ್ಲಿ ಕಪ್ಪು-ಬಿಳಿ ಆರಿಸಿ, 200 ಡಿಪಿಐ (ಸ್ಕ್ಯಾನ್ ಎಷ್ಟು ಸೂಕ್ಷ್ಮ ಅನ್ನುವ ಲೆಕ್ಕ) ಇಡಿ. ಫ್ಯಾಕ್ಸಿನ 'ಫೈನ್' ಗುಣಮಟ್ಟವೂ ಹೆಚ್ಚುಕಡಿಮೆ ಅಷ್ಟೇ, ಅದಕ್ಕಿಂತ ಜಾಸ್ತಿ ಇಟ್ಟು ಲಾಭ ಇಲ್ಲ. ಫೈಲ್ ಚಿಕ್ಕದಾಗುತ್ತದೆ, ಮಳೆಗಾಲದಲ್ಲಿ ನೆಟ್ ಎಳೆದಾಡುವಾಗಲೂ ಹೋಗುತ್ತದೆ. ಬ್ರೈಟ್‌ನೆಸ್ ಸ್ವಲ್ಪ ಸ್ವಲ್ಪ ಏರಿಸುತ್ತಾ ಬನ್ನಿ, ಬೂದು ಪಟ್ಟಿ ಮಾಯವಾಗಿ ಅಂಕಿ ಮಾತ್ರ ಉಳಿಯುತ್ತದೆ. ಕಳಿಸುವ ಮೊದಲು ದೊಡ್ಡದು ಮಾಡಿ ಪ್ರತಿಯೊಂದು ಅಂಕಿಯನ್ನೂ ಮೂಲ ಕಾಗದದ ಜೊತೆ ತಾಳೆ ನೋಡಿ. ಥಂಡಿ ಹಿಡಿದು ಸುರುಟಿದ ಕಾಗದವನ್ನು ಒಂದು ರಾತ್ರಿ ದಪ್ಪ ಪುಸ್ತಕದ ಕೆಳಗೆ ಇಟ್ಟು ಆಮೇಲೆ ಸ್ಕ್ಯಾನ್ ಮಾಡಿ. ಇಸಿಜಿಯನ್ನು ಮಾತ್ರ ಫ್ಯಾಕ್ಸ್ ಮಾಡಬೇಡಿ. ಅದರ ಗುಲಾಬಿ ಚೌಕಗಳು ಡಾಕ್ಟರಿಗೆ ಅಳತೆಗೆ ಬೇಕು. ಬಣ್ಣದಲ್ಲೇ ಸ್ಕ್ಯಾನ್ ಮಾಡಿ ತಮ್ಮನಿಗೆ ಕಳಿಸಿ, ಅವರು ಪ್ರಿಂಟ್ ತೆಗೆದು ಕೈಯಲ್ಲೇ ಕೊಡಲಿ. ವಾಟ್ಸಾಪಿನಲ್ಲಿ ಕಳಿಸುವಾಗ ಫೋಟೋ ಆಗಿ ಬೇಡ, ಡಾಕ್ಯುಮೆಂಟ್ ಆಗಿ ಕಳಿಸಿ.

ಉಳಿದ ಸಾಫ್ಟ್‌ವೇರ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಪುಟ ಜೋಡಿಸಲು, ಬೇರೆ ಮಾಡಲು ಪಿಡಿಎಫ್‌ಸ್ಯಾಮ್ ಬೇಸಿಕ್ ಇದೆ. ರಿಪೋರ್ಟುಗಳು ನಿಮ್ಮ ಕಂಪ್ಯೂಟರಿನಲ್ಲೇ ಇರುತ್ತವೆ, ಪುಟ ಜೋಡಿಸಲು ಯಾವುದೋ ಸೈಟಿಗೆ ಏರಿಸಬೇಕಾಗಿಲ್ಲ. ಹಳೆಯ ಕಂಪ್ಯೂಟರ್ ಆದರೆ ಪಿಡಿಎಫ್ ತೆರೆಯಲು ಸುಮಾತ್ರಾ ತುಂಬಾ ಹಗುರ. ಫೈಲ್ ಎಲ್ಲಿಟ್ಟೆ ಅಂತ ಹುಡುಕುವವರಿಗೆ 'ಎವೆರಿಥಿಂಗ್': ಹೆಸರಿನ ನಾಲ್ಕು ಅಕ್ಷರ ಒತ್ತುವಷ್ಟರಲ್ಲಿ ತೋರಿಸುತ್ತದೆ. ಎಲ್ಲವನ್ನೂ ಅವರವರ ಸ್ವಂತ ಸೈಟಿನಿಂದಲೇ ಇಳಿಸಿಕೊಳ್ಳಿ. ಇನ್ನೊಂದು, ಹಳೆಯ ನುಡಿ ಅಕ್ಷರದಲ್ಲಿ ಪತ್ರ ಟೈಪ್ ಮಾಡಿದ್ದರೆ ವರ್ಡ್ ಫೈಲನ್ನು ಹಾಗೇ ಹಾಕಬೇಡಿ. ಆ ಫಾಂಟ್ ಫ್ಯಾಕ್ಸ್ ಸೈಟಿನವರ ಬಳಿ ಇರುವುದಿಲ್ಲ, ಏನೇನೋ ಇಂಗ್ಲಿಷ್ ಅಕ್ಷರ ಮೂಡುತ್ತದೆ. ಪಿಡಿಎಫ್ ಮಾಡಿಯೇ ಕಳಿಸಿ.

ಕವರ್ ಪೇಜಿನಲ್ಲಿ ಅಮ್ಮನ ಹೆಸರು, ಹುಟ್ಟಿದ ದಿನ, ಒಟ್ಟು ಪುಟ ಎಷ್ಟು ಅಂತ ಬರೆಯಿರಿ. ಫ್ಯಾಕ್ಸ್ ತಲುಪಿತು ಅನ್ನುವ ಇಮೇಲನ್ನು ಅಳಿಸಬೇಡಿ. ನಮ್ಮ ರಾತ್ರಿ ಒಂಬತ್ತು ಅಂದರೆ ನ್ಯೂಜೆರ್ಸಿಯಲ್ಲಿ ಬೆಳಗ್ಗೆ ಹತ್ತೂವರೆ, ಬೇಸಿಗೆಯಲ್ಲಾದರೆ ಹನ್ನೊಂದೂವರೆ. ಆ ಹೊತ್ತಿಗೆ ಕಳಿಸಿದರೆ ತಮ್ಮ ಆಗಲೇ ಫೋನ್ ಮಾಡಿ, ಎಲ್ಲ ಪುಟ ಬಂತಾ, ಅಂಕಿ ಓದಲು ಆಗುತ್ತಾ ಅಂತ ಕೇಳಬಹುದು. ಬೂದು ಪಟ್ಟಿ ಹೋಗದಿದ್ದರೆ ಬರೆಯಿರಿ, ನಿಮ್ಮ ಸ್ಕ್ಯಾನರಿಗೆ ಎಷ್ಟು ಬ್ರೈಟ್‌ನೆಸ್ ಇಡಬೇಕು ಅಂತ ಕೂತು ನೋಡೋಣ.